ಮಾವನ ಹಂಡೆ ನೀರಿಗೆ ಕಡ್ಲೆಕಾಯಿ ಸಿಪ್ಪೆ

ಕಾರ್ತಿಕದ ಕೊನೇ ಸೋಮವಾರ ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಹೋದವ್ರಿಗೆಲ್ಲ ಗೊತ್ತಿರುತ್ತೆ, ಮಾರನೇ ದಿನ ಬೆಳಿಗ್ಗೆ ಬುಲ್ ಟೆಂಪಲ್ ರೋಡಲ್ಲಿ ಕಾಲಿಟ್ಟ ಕಡೆಯೆಲ್ಲ ಚರಚರ ಅಂತ ಸಿಪ್ಪೆ. ಎಂಎಸ್ಸಿ ಎರಡನೇ ವರ್ಷದಲ್ಲಿದ್ದಾಗ ನಾನು ಎರಡು ಗೋಣಿಚೀಲ ತಗೊಂಡು ಆ ಸಿಪ್ಪೆಗೋಸ್ಕರನೇ ಅಲ್ಲಿಗೆ ಹೋಗಿದ್ದೆ. ರಸ್ತೆ ಮೇಲಿಂದು ಬೇಡ, ಧೂಳು ಪ್ಲಾಸ್ಟಿಕ್ ಎಲ್ಲ ಸೇರ್ಕೊಂಡಿರುತ್ತೆ ಅಂತ ಫುಟ್‌ಪಾತಲ್ಲಿ ರಾಶಿ ಹಾಕ್ಕೊಂಡು ಕೂತಿದ್ದ ಒಬ್ಬ ಅಜ್ಜಿ ಹತ್ರ ಕೇಳ್ದೆ. ಅಜ್ಜಿ ಚೀಲ ತುಂಬಿಸಿಕೊಡ್ತಾ "ಒಲೆಗೆ ಹಾಕ್ತೀಯೇನವ್ವಾ" ಅಂದ್ರು. ಇಲ್ಲಜ್ಜಿ, ನೀರಲ್ಲಿರೋ ಬಣ್ಣ ತೆಗೀತೀನಿ ಅಂದೆ. ಅಜ್ಜಿ ನನ್ನ ಮುಖಾನೇ ಸ್ವಲ್ಪ ಹೊತ್ತು ನೋಡಿ ಇನ್ನೊಂದು ಬೊಗಸೆ ಹಾಕಿದ್ರು.

ಬಣ್ಣದ ನೀರು ಅಂದ್ರೆ ನನಗೆ ಪುಸ್ತಕದ ವಿಷಯ ಅಲ್ಲ. ನಮ್ಮ ಸೋದರಮಾವಂದು ದೊಡ್ಡಬಳ್ಳಾಪುರದಲ್ಲಿ ಸಣ್ಣ ಡೈಯಿಂಗ್ ಯೂನಿಟ್, ಸುತ್ತ ಬೀದಿಗಳಲ್ಲಿ ಮಗ್ಗದ ಶಬ್ದ, ರಜಕ್ಕೆ ಹೋದ್ರೆ ನಾವು ಮಕ್ಕಳು ಚರಂಡಿ ನೋಡಿನೇ ಇವತ್ತು ಯಾವ ಸೀರೆಗೆ ನೂಲು ರೆಡಿ ಆಗ್ತಿದೆ ಅಂತ ಹೇಳ್ತಿದ್ವಿ, ಒಂದಿನ ರಾಣಿ ಪಿಂಕು, ಒಂದಿನ ಬಾಟಲ್ ಗ್ರೀನು. ಆವಾಗ ಅದು ಆಟ. ಕೆಮಿಸ್ಟ್ರಿ ಓದಕ್ಕೆ ಶುರು ಮಾಡಿದ್ಮೇಲೆ ಅದೇ ಚರಂಡಿ ನೋಡಿದ್ರೆ ಹೊಟ್ಟೇಲಿ ಒಂಥರಾ ಆಗ್ತಿತ್ತು. ಹಾಗಾಗಿ ಪ್ರಾಜೆಕ್ಟ್ ಟಾಪಿಕ್ ಕೇಳ್ದಾಗ ಯೋಚನೆನೇ ಮಾಡ್ದೆ ಹೇಳ್ದೆ, ಕಡಿಮೆ ಖರ್ಚಲ್ಲಿ ಸಿಗೋ ಗಿಡದ ಕಸದಿಂದ ಡೈ ತೆಗೆಯೋದು ಅಂತ.

ಕೆಲಸ ಶುರುವಾಗಿದ್ದು ತೊಳೆಯೋದ್ರಿಂದ, ಅದೇ ನನ್ನ ಪ್ರಕಾರ ಇಡೀ ಪ್ರಾಜೆಕ್ಟಲ್ಲಿ ಅತೀ ಮುಖ್ಯವಾದ ಭಾಗ, ಆದ್ರೆ ರಿಸರ್ಚ್ ಪೇಪರ್‌ಗಳಲ್ಲಿ ಅದಕ್ಕೆ ಒಂದೇ ಲೈನು ಇರುತ್ತೆ. ಸಿಪ್ಪೆನ ಬಿಸಿನೀರಿಗೆ ಹಾಕಿದ್ರೆ ಹತ್ತೇ ನಿಮಿಷಕ್ಕೆ ನೀರು ಡಿಕಾಕ್ಷನ್ ಥರ ಕಂದು ಆಗುತ್ತೆ. ಅದು ಟ್ಯಾನಿನ್ನು ಮತ್ತೆ ನೀರಲ್ಲಿ ಕರಗೋ ಬೇರೆಬೇರೆ ಸಾವಯವ ವಸ್ತುಗಳು. ಅದನ್ನ ತೆಗೀದೆ ಹಾಗೇ ಬಳಸಿದ್ರೆ ಡೈ ಹೋದ್ರೂ ಅದರ ಜಾಗಕ್ಕೆ ಈ ಕಂದು ಬಂದು ಕೂರುತ್ತೆ, ನೀರಿನ ಸಿಓಡಿ, ಅಂದ್ರೆ ಅದ್ರಲ್ಲಿ ಸಾವಯವ ಕೊಳೆ ಎಷ್ಟಿದೆ ಅನ್ನೋ ಅಳತೆ, ಕಡಿಮೆ ಆಗೋ ಬದಲು ಜಾಸ್ತಿನೇ ಆಗ್ಬಹುದು. ಆರೇಳು ಸಲ ಕುದಿನೀರಲ್ಲಿ ತೊಳ್ದು, ಟೆರೇಸ್ ಮೇಲೆ ಒಣಗಿಸಿ, ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ಒಂದೇ ಸೈಜಿನ ಪುಡಿ ಡಬ್ಬಿಗೆ ತುಂಬ್ಕೊಂಡೆ. ಹಸಿ ಕಾಯಿ ಸಿಪ್ಪೆ, ಹುರಿದ ಕಾಯಿ ಸಿಪ್ಪೆ ಎರಡನ್ನೂ ಬೇರೆ ಮಾಡ್ಬೇಕು, ಹುರಿದದ್ದು ಆಗ್ಲೇ ಬೆಂಕಿ ಕಂಡಿರೋದ್ರಿಂದ ಅದರ ಮೈ ಬೇರೆ ಥರ ಇರುತ್ತೆ.

ಆಮೇಲೆ ಮೆಥಿಲೀನ್ ಬ್ಲೂ. ಈ ಫೀಲ್ಡಲ್ಲಿ ಕೆಲಸ ಮಾಡೋ ಬಹುತೇಕ ಎಲ್ರೂ ಮೊದ್ಲು ಕೈ ಹಾಕೋದು ಇದಕ್ಕೇ. 1876ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನೀಲಿ ಹೈನ್ರಿಷ್ ಕಾರೋ ಮಾಡಿದ ಡೈ, ಆಮೇಲೆ ಔಷಧಿ ಆಯ್ತು, ಇವತ್ತಿಗೂ ಮೈಕ್ರೋಸ್ಕೋಪ್ ಸ್ಲೈಡಿಗೆ ಬಣ್ಣ ಹಾಕಕ್ಕೆ ಬಳಸ್ತಾರೆ. ಲೀಟರಿಗೆ 50 ಮಿಲಿಗ್ರಾಂ ಸೇರಿಸಿದ್ರೆ ಸಾಕು ಕಡುನೀಲಿ. ಅದರ 100 ಎಂಎಲ್ ತಗೊಂಡು 0.2 ಗ್ರಾಂ ಪುಡಿ ಹಾಕಿ ಶೇಕರಲ್ಲಿಟ್ಟು ಬಂದೆ, ಊಟ ಮುಗಿಸಿ ಬಂದು ನೋಡ್ತೀನಿ, ಪುಡಿ ಕಡುನೀಲಿ ಆಗಿ ತಳದಲ್ಲಿ ಕೂತಿದೆ, ಮೇಲಿನ ನೀರು ಆಚೆ ಕಡೆ ಇಟ್ಟಿದ್ದ ಪೇಪರಿನ ಅಕ್ಷರ ಓದೋ ಅಷ್ಟು ತಿಳಿ! ನನಗೆ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಬಣ್ಣ ಎಷ್ಟಿದೆ ಅಂತ ಬೆಳಕಿಂದ ಅಳೆಯೋ ಸ್ಪೆಕ್ಟ್ರೋಫೋಟೋಮೀಟರಲ್ಲಿ 664 ನ್ಯಾನೋಮೀಟರ್ ಹತ್ರ ಇರ್ಬೇಕಾಗಿದ್ದ ಆ ಎತ್ತರದ ಪೀಕು ನೆಲಕ್ಕೆ ಮಲಗಿತ್ತು.

ಇಲ್ಲಿ ಒಂದು ಮಾತು, ಇದೇ ಪ್ರಯೋಗ ಮಾಡೋ ಸ್ಟೂಡೆಂಟ್ಸಿಗೆ. ದಯವಿಟ್ಟು ಫಿಲ್ಟರ್ ಪೇಪರಲ್ಲಿ ಸೋಸ್ಬೇಡಿ. ಫಿಲ್ಟರ್ ಪೇಪರ್ ಅಂದ್ರೂ ಸೆಲ್ಯುಲೋಸೇ, ಅದೂ ಮೆಥಿಲೀನ್ ಬ್ಲೂನ ಹಿಡಿದುಕೊಳ್ಳುತ್ತೆ, ನಿಮ್ಮ ಪುಡಿ ಮಾಡದೇ ಇರೋ ಕೆಲಸನೂ ಪುಡಿ ಲೆಕ್ಕಕ್ಕೆ ಬಂದ್ಬಿಡುತ್ತೆ. ಸೆಂಟ್ರಿಫ್ಯೂಜ್ ಮಾಡಿ, ಅಂದ್ರೆ ಮೆಷೀನಲ್ಲಿ ಜೋರಾಗಿ ತಿರುಗಿಸಿ ಪುಡಿನ ತಳಕ್ಕೆ ಕೂರಿಸಿ. ಪುಡಿ ಹಾಕದೇ ಇರೋ ಒಂದು ಫ್ಲಾಸ್ಕನ್ನೂ ಜೊತೆಗೇ ಇಡಿ, ಗಾಜಿಗೆ ಅಂಟ್ಕೊಳ್ಳೋ ಡೈ ಎಷ್ಟು ಅಂತ ಗೊತ್ತಾಗುತ್ತೆ.

ಯಾಕೆ ಹೀಗೆ ಅಂಟುತ್ತೆ ಅಂದ್ರೆ, ಸಿಪ್ಪೆ, ದಂಟು, ನಾರು ಥರದ ಗಿಡದ ಕಸ ಯಾವುದು ತಗೊಂಡ್ರೂ ಅದು ಮುಖ್ಯವಾಗಿ ಸೆಲ್ಯುಲೋಸು, ಹೆಮಿಸೆಲ್ಯುಲೋಸು, ಲಿಗ್ನಿನ್ನು. ಇವುಗಳ ಮೈ ಮೇಲೆ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್, ಫೀನಾಲ್ ಗುಂಪುಗಳಿರುತ್ತೆ. ನೀರು ತುಂಬ ಹುಳಿ ಇಲ್ದೇ ಇದ್ರೆ ಆ ಕಾರ್ಬಾಕ್ಸಿಲ್‌ಗಳು ತಮ್ಮ ಹೈಡ್ರೋಜನ್ ಬಿಟ್ಕೊಟ್ಟು ನೆಗೆಟಿವ್ ಚಾರ್ಜ್ ಪಡ್ಕೊಳ್ಳುತ್ತೆ. ಮೆಥಿಲೀನ್ ಬ್ಲೂ ಪಾಸಿಟಿವ್. ಎರಡೂ ಸೇರುತ್ತೆ, ಮುಗೀತು. ಸ್ಪಂಜು ನೀರು ಹೀರೋ ಥರ ಒಳಗೆ ಎಳ್ಕೊಳ್ಳೋದಲ್ಲ ಇದು, ಮೈಗೆ ಅಂಟಿಸ್ಕೊಳ್ಳೋದು, ಅದಕ್ಕೇ ಪುಡಿ ಸಣ್ಣಗಾದಷ್ಟೂ ಅಂಟೋಕೆ ಜಾಗ ಜಾಸ್ತಿ.

ಇಷ್ಟು ಆದ್ಮೇಲೆ ನಾನು ಸುಮ್ನೆ ಇರೋಕಾಗ್ದೆ ಒಂದು ಭಾನುವಾರ ಡಬ್ಬಿ ತಗೊಂಡು ದೊಡ್ಡಬಳ್ಳಾಪುರದ ಬಸ್ ಹತ್ತಿದೆ. ಮಾವ ಅವತ್ತು ಹತ್ತಿ ನೂಲಿಗೆ ಕೆಂಪು ಹಾಕಿದ್ರು, ರಿಯಾಕ್ಟಿವ್ ಕಲರ್, ಅಂದ್ರೆ ನೂಲಿನ ಜೊತೆ ರಾಸಾಯನಿಕವಾಗಿ ಸೇರ್ಕೊಳ್ಳೋ ಡೈ. ಹಂಡೆಯಿಂದ ಬಿಟ್ಟ ನೀರು ಒಂದು ಬಕೆಟ್ ಹಿಡ್ಕೊಂಡು ಪುಡಿ ಹಾಕಿ ಕೋಲಲ್ಲಿ ತಿರುಗಿಸ್ದೆ. ಅತ್ತೆ, ಮಾವ, ಕೆಲಸದ ಹುಡುಗ್ರು ಎಲ್ಲ ಸುತ್ತ ನಿಂತಿದ್ರು. ಒಂದು ಗಂಟೆ ಆಯ್ತು. ಎರಡು ಗಂಟೆ ಆಯ್ತು. ಕೆಂಪು ಹೋಗ್ಲಿಲ್ಲ, ಅದರ ಮೇಲೆ ಕಂದು ಬೇರೆ ಸೇರ್ಕೊಂಡು ನೀರು ಮೊದ್ಲಿಗಿಂತ ಗಲೀಜಾಗಿ ಕಾಣ್ತಿತ್ತು.

ಯಾರೂ ಏನೂ ಅನ್ಲಿಲ್ಲ. ಮಾವ ಕೂತ್ಕೊಂಡು ಬಕೆಟ್ಟಿಗೆ ಬೆರಳದ್ದಿ ನೋಡಿ, "ಇದ್ರಲ್ಲಿ ಸೋಡಾ ಐತಲ್ಲಮ್ಮ, ಸೋಡಾ ನೀರಿಗೆ ಸಿಪ್ಪೆ ಹಾಕಿದ್ರೆ ಕರೆ ಬಿಡ್ದೆ ಇನ್ನೇನು" ಅಂದ್ರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ರಿಯಾಕ್ಟಿವ್ ಡೈಗೆ ಸೋಡಾ, ಅಂದ್ರೆ ವಾಷಿಂಗ್ ಸೋಡಾ, ಹಾಕ್ಲೇಬೇಕು, ಪಿಎಚ್ 10 ದಾಟುತ್ತೆ, ಅಷ್ಟು ಕ್ಷಾರದಲ್ಲಿ ಟ್ಯಾನಿನ್ನು, ಜೊತೆಗೆ ಲಿಗ್ನಿನ್ನಿನ ಸ್ವಲ್ಪ ಭಾಗ ಕರಗಿ ಆಚೆ ಬರುತ್ತೆ, ನಾನು ಆರೇಳು ಸಲ ಕುದಿನೀರಲ್ಲಿ ತೊಳೆದಿದ್ದು ಏನಕ್ಕೂ ಸಾಲಲ್ಲ. ಅದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ರಿಯಾಕ್ಟಿವ್ ಡೈಗಳಿಗೆ, ರೇಷ್ಮೆಗೆ ಹಾಕೋ ಆಸಿಡ್ ಕಲರ್‌ಗಳಿಗೆ ಸಲ್ಫೋನೇಟ್ ಗುಂಪು ಇರುತ್ತೆ, ಅಂದ್ರೆ ಅವು ನೆಗೆಟಿವ್. ಸಿಪ್ಪೆನೂ ನೆಗೆಟಿವ್. ಎರಡೂ ಒಂದನ್ನೊಂದು ದೂರ ತಳ್ಳುತ್ತೆ. ಲ್ಯಾಬಲ್ಲಿ ನಾನು ಗೆದ್ದಿದ್ದು ಸಿಪ್ಪೆಗೆ ತಾನಾಗೇ ಒಲಿಯೋ ಒಂದು ಡೈ ಮೇಲೆ. ಮಾವನ ಹಂಡೇಲಿ ಆ ಜಾತಿ ಡೈ ಒಂದು ಹನಿನೂ ಇರ್ಲಿಲ್ಲ.

ಆಮೇಲೆ ಮಾವ ಹೇಳಿದ ಇನ್ನೊಂದು ಮಾತು ನನ್ನ ಪ್ರಾಜೆಕ್ಟನ್ನೇ ತಿರುಗಿಸಿಬಿಡ್ತು. ನಾನು ಪ್ಲಸ್ಸು ಮೈನಸ್ಸು ಅಂತ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ವಿವರಿಸ್ತಿದ್ದೆ, ಪೂರ್ತಿ ಕೇಳಿ, "ಹಂಗಾದ್ರೆ ಹತ್ತಿಗೂ ಅದೇ ಕಷ್ಟ ಅಲ್ವಾ? ಉಪ್ಪು ಹಾಕ್ದೇ ಇದ್ರೆ ಹತ್ತಿಗೆ ಕಲರ್ ಹತ್ತೋದೇ ಇಲ್ಲ. ನಾವು ಸುಮ್ನೆ ಚೀಲಗಟ್ಲೆ ಉಪ್ಪು ಸುರೀತೀವಾ" ಅಂದ್ರು. ನನಗೆ ಮೈ ಜುಂ ಅಂತು. ಹತ್ತಿನೂ ಸೆಲ್ಯುಲೋಸೇ ಅಲ್ವಾ! ನೀರಲ್ಲಿ ಅದರ ಮೈಯೂ ನೆಗೆಟಿವ್ವೇ, ಉಪ್ಪು ಹಾಕೋದು ಆ ತಳ್ಳಾಟನ ಕಡಿಮೆ ಮಾಡಿ ಡೈನ ನೂಲಿನ ಹತ್ರ ತರೋಕೆ, ಲೀಟರಿಗೆ 40, 60, ಕಡುಬಣ್ಣಕ್ಕೆ 80 ಗ್ರಾಂ ತನಕ. ರೇಷ್ಮೆಗೆ ಅಸಿಟಿಕ್ ಹಾಕೋದೂ ಅಷ್ಟೇ, ಹುಳಿಯಲ್ಲಿ ರೇಷ್ಮೆಯ ಅಮೈನೋ ಗುಂಪುಗಳು ಪಾಸಿಟಿವ್ ಆಗಿ ಆಸಿಡ್ ಕಲರ್‌ನ ಕರ್ಕೊಳ್ಳುತ್ತೆ. ನೂಲಿಗೆ ಬಣ್ಣ ಹತ್ತಿಸೋದು, ನೀರಿಂದ ಬಣ್ಣ ಬಿಡಿಸೋದು ಎರಡೂ ಒಂದೇ ವಿದ್ಯೆ. ಡೈ ಎಷ್ಟು ಅಂಟುತ್ತೆ ಅಂತ ಲೆಕ್ಕ ಹಾಕೋ ಲ್ಯಾಂಗ್ಮ್ಯೂರ್, ಫ್ರಾಯ್ಂಡ್ಲಿಷ್ ಸೂತ್ರ ಅಂತ ನಾನು ಗ್ರಾಫ್ ಎಳೀತಿದ್ದಾಗ ಮಾವ ಮೂವತ್ತು ವರ್ಷದಿಂದ ಅದನ್ನೇ ಕೈಯಲ್ಲಿ ಮಾಡ್ತಿದ್ರು, ನಾನು ಮೊದ್ಲೇ ಅವರನ್ನ ಕೇಳ್ಬೇಕಿತ್ತು.

ಗಿಡದ ಕಸದ ಬಗ್ಗೆ ನಮ್ಮ ಕಡೆ ಒಳ್ಳೆ ಕೆಲಸ ಆಗಿಲ್ಲ ಅಂತಲ್ಲ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ನಮಶಿವಾಯಂ ಮತ್ತೆ ಅವರ ವಿದ್ಯಾರ್ಥಿಗಳು 1990ರ ದಶಕದಲ್ಲೇ ಬಾಳೆದಿಂಡು, ಕಿತ್ತಳೆ ಸಿಪ್ಪೆ ಹಿಡಿದು ಕೂತಿದ್ರು, ಆಮೇಲೆ ತೆಂಗಿನ ನಾರಿನ ಪುಡಿ ಮೇಲೂ ತುಂಬ ಮಾಡಿದ್ರು. ಕೊಯಮತ್ತೂರಿಂದ ಬಟ್ಟೆ, ಡೈಯಿಂಗ್ ಊರಾದ ತಿರುಪ್ಪೂರು ಎಷ್ಟು ದೂರ ಹೇಳಿ, ಅಲ್ಲಿನ ಬಣ್ಣದ ನೀರು ಸೇರ್ತಿದ್ದ ನೊಯ್ಯಲ್ ನದಿ ಅವರ ಕಣ್ಣೆದುರಿಗೇ ಇತ್ತು. ಮೆಥಿಲೀನ್ ಬ್ಲೂ ಕೆಲಸ ದಂಡ ಅಂತಾನೂ ನಾನು ಹೇಳ್ತಿಲ್ಲ. ಪಾಸಿಟಿವ್ ಡೈಗಳು, ಅಂದ್ರೆ ಬೇಸಿಕ್ ಕಲರ್‌ಗಳು, ಸೆಣಬಿಗೆ, ತೆಂಗಿನ ನಾರಿಗೆ, ಪೇಪರಿಗೆ, ಅಕ್ರಿಲಿಕ್ ಉಲ್ಲನ್ನಿಗೆ ಇವತ್ತಿಗೂ ಹಾಕ್ತಾರೆ, ಆ ನೀರಿಗೆ ಸಿಪ್ಪೆ ಪುಡಿ ಚೆನ್ನಾಗೇ ಕೆಲಸ ಮಾಡುತ್ತೆ. ನೋಡಿ ಸೆಣಬು, ನಾರು ಎರಡರಲ್ಲೂ ಲಿಗ್ನಿನ್ ಜಾಸ್ತಿ, ಬೇಸಿಕ್ ಕಲರ್ ಅದಕ್ಕೆ ಹತ್ತೋ ಕಾರಣನೂ ಕಡ್ಲೆಕಾಯಿ ಸಿಪ್ಪೆಗೆ ಹತ್ತೋ ಕಾರಣನೂ ಒಂದೇ. ನನ್ನ ಸಂಕಟ ಏನಂದ್ರೆ ಪೇಪರಿನ ಮೊದಲ ಪ್ಯಾರಾದಲ್ಲಿ ಬಟ್ಟೆ ಉದ್ಯಮದಿಂದ ನದಿ ಹಾಳಾಗ್ತಿದೆ ಅಂತ ಬರೀತಾರೆ, ಎರಡನೇ ಪ್ಯಾರಾದಲ್ಲಿ ಡಿಸ್ಟಿಲ್ಡ್ ವಾಟರಿಗೆ ಮೆಥಿಲೀನ್ ಬ್ಲೂ ಹಾಕ್ತಾರೆ, ನದಿ ಕಡೆ ಮತ್ತೆ ತಿರುಗಿ ನೋಡಲ್ಲ.

ಇನ್ನು ಈ 98%, 99% ಅಂತ ಬರೀತಾರಲ್ಲ, ಅದನ್ನ ಓದೋವಾಗ ಎಷ್ಟು ಪುಡಿ ಹಾಕಿದ್ರು ಅಂತ ಮೊದ್ಲು ನೋಡಿ. ಪುಡಿ ಜಾಸ್ತಿ ಸುರಿದ್ರೆ ಪರ್ಸೆಂಟೇಜ್ ತಾನಾಗೇ ಏರುತ್ತೆ. ಯೂನಿಟ್ಟಿಗೆ ಬೇಕಾಗಿರೋ ಲೆಕ್ಕ ಒಂದು ಗ್ರಾಂ ಪುಡಿ ಎಷ್ಟು ಮಿಲಿಗ್ರಾಂ ಡೈ ಹಿಡಿಯುತ್ತೆ ಅನ್ನೋದು. ದಿನಕ್ಕೆ 4000 ಲೀಟರ್ ನೀರು, ಲೀಟರಿಗೆ 100 ಮಿಲಿಗ್ರಾಂ ಡೈ ಅಂತ ಇಟ್ಕೊಂಡ್ರೆ ಒಟ್ಟು 400 ಗ್ರಾಂ ಡೈ. ಗ್ರಾಂಗೆ 25 ಮಿಲಿಗ್ರಾಂ ಹಿಡಿಯೋ ಪುಡಿ ಆದ್ರೆ 16 ಕೆಜಿ ಬೇಕು. 5 ಮಿಲಿಗ್ರಾಂ ಅಷ್ಟೇ ಹಿಡಿದ್ರೆ 80 ಕೆಜಿ, ಅದೂ ದಿನಾಲೂ. ಕಡ್ಲೆಕಾಯೀಲಿ ಸಿಪ್ಪೆ ತೂಕ ಸುಮಾರು ಕಾಲು ಭಾಗ, ಅಂದ್ರೆ 80 ಕೆಜಿ ಸಿಪ್ಪೆಗೆ ಮುನ್ನೂರು ಕೆಜಿ ಮೇಲೆ ಕಾಯಿ ಬಿಡಿಸಿರ್ಬೇಕು. ಕಸ ಫ್ರೀ ಆಗಿ ಸಿಗುತ್ತೆ ನಿಜ, ಆದ್ರೆ ತರೋದು ತೊಳೆಯೋದು ಒಣಗಿಸೋದು ಫ್ರೀ ಅಲ್ಲ, ತೊಳೆದ ನೀರೂ ಎಲ್ಲೋ ಹೋಗ್ಲೇಬೇಕು.

ಮಾವ ಇಷ್ಟೆಲ್ಲ ತಾಳ್ಮೆಯಿಂದ ನನ್ನ ಜೊತೆ ಕೂತಿದ್ದಕ್ಕೆ ಒಂದು ಕಾರಣ ಇದೆ. 2011ರ ಜನವರೀಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್, ಬ್ಲೀಚಿಂಗ್ ಯೂನಿಟ್‌ಗಳನ್ನೆಲ್ಲ ಮುಚ್ಚಿಸಿತ್ತು, ಒಂದು ತೊಟ್ಟು ನೀರೂ ಹೊರಗೆ ಬಿಡದ ವ್ಯವಸ್ಥೆ ಆಗೋ ತನಕ ತೆರೆಯೋ ಹಾಗಿಲ್ಲ ಅಂತ. ನೊಯ್ಯಲ್‌ಗೆ ಅಡ್ಡ ಕಟ್ಟಿದ್ದ ಒರತ್ತುಪಾಳಯಂ ಡ್ಯಾಮಲ್ಲಿ ಬಣ್ಣದ ನೀರು ತುಂಬಿ, ಹೊಲಕ್ಕೆ ಅಂತ ಕಟ್ಟಿದ ಡ್ಯಾಮು ಹೊಲಗಳನ್ನೇ ಹಾಳು ಮಾಡಿತ್ತು, ಅಲ್ಲಿನ ರೈತರು ವರ್ಷಗಟ್ಲೆ ಕೋರ್ಟಲ್ಲಿ ಹೋರಾಡಿದ್ದಕ್ಕೆ ಆ ಆರ್ಡರ್ ಬಂದಿದ್ದು. ರೈತರದ್ದು ನ್ಯಾಯನೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಸುದ್ದಿ ಕೇಳಿದ ದಿನದಿಂದ ನಮ್ಮ ಮಾವನಂಥವ್ರಿಗೆ ನಿದ್ದೆ ಇಲ್ಲ. ನೀರು ಸೋಸೋ ಆರ್‌ಓ, ನೀರನ್ನ ಆವಿ ಮಾಡೋ ಇವ್ಯಾಪರೇಟರ್ ಅಂತ ಕೋಟಿ ಲೆಕ್ಕದಲ್ಲಿ ಮಾತಾಡೋದು ದೊಡ್ಡ ಕಂಪನಿಗಳಿಗೆ, ಎರಡು ಹಂಡೆ ಇಟ್ಕೊಂಡವ್ರಿಗಲ್ಲ.

ಸರಿ, ಆಮೇಲೆ ಏನೇನು ಮಾಡಿದ್ವಿ ಅಂತ ಹೇಳ್ತೀನಿ. ಮೊದ್ಲು ಹುಳಿ ಮಾಡಿ ನೋಡಿದ್ವಿ. ಪಿಎಚ್ 2-3ಕ್ಕೆ ಇಳಿಸಿದ್ರೆ ಸಿಪ್ಪೆ ಮೈ ಪಾಸಿಟಿವ್ ಆಗಿ ಕೆಂಪು ಹಿಡಿಯೋಕೆ ಶುರು ಮಾಡುತ್ತೆ, ಬಕೆಟಲ್ಲಿ ಚೆನ್ನಾಗೇ ಬಂತು. ಆದ್ರೆ ಸೋಡಾ ತುಂಬಿರೋ ಸಾವಿರಾರು ಲೀಟರನ್ನ ಅಷ್ಟು ಹುಳಿ ಮಾಡಕ್ಕೆ ಸಲ್ಫ್ಯೂರಿಕ್ ಆಸಿಡ್ ಎಷ್ಟು ಬೇಕು, ಬಿಡೋ ಮುಂಚೆ ಮತ್ತೆ ಸುಣ್ಣ ಹಾಕಿ ಸರಿ ಮಾಡ್ಬೇಕು, ಮನೆ ಪಕ್ಕದಲ್ಲೇ ಮಕ್ಕಳು ಓಡಾಡೋ ಜಾಗ. ಬೇಡ ಅಂತ ಬಿಟ್ವಿ. ಸಿಪ್ಪೆನ ಮುಚ್ಚಿದ ಡಬ್ಬದಲ್ಲಿ ಸುಟ್ಟು ಇದ್ದಿಲು ಮಾಡಿದ್ದು ಸ್ವಲ್ಪ ವಾಸಿ, ಕರೆ ಬಿಡಲ್ಲ, ರೇಷ್ಮೆ ನೀರಿನ ಆಸಿಡ್ ಕಲರ್ ಒಂದು ಮಟ್ಟಕ್ಕೆ ಹಿಡೀತು, ರಿಯಾಕ್ಟಿವ್ ನೇವಿ ಬ್ಲೂ ಮಾತ್ರ ಜಗ್ಗಲಿಲ್ಲ.

ಮೂರನೇದು ಮಾವಂದೇ ಐಡಿಯಾ. ಕಡುಬಣ್ಣ ಹಾಕಿದ್ಮೇಲೆ ಬಣ್ಣ ಬಿಡಬಾರ್ದು ಅಂತ ನೂಲನ್ನ ಕೊನೇಲಿ ಫಿಕ್ಸರಲ್ಲಿ ಅದ್ದುತಾರೆ. ಆ ಫಿಕ್ಸರ್ ಅನ್ನೋದು ಪಾಸಿಟಿವ್ ಚಾರ್ಜ್ ಇರೋ ಪಾಲಿಮರ್ರು, ಕೂದಲಿಗೆ ಹಾಕೋ ಕಂಡೀಷನರಲ್ಲೂ ಹೀಗೇ ಪಾಸಿಟಿವ್ ಆಗಿರೋ ಪದಾರ್ಥ ಇರುತ್ತೆ, ಅದಕ್ಕೇ ಅದು ನೆಗೆಟಿವ್ ಆಗಿರೋ ಕೂದಲಿಗೆ ಅಂಟೋದು. "ನೂಲಿಗೆ ಹಾಕೋದನ್ನ ಸಿಪ್ಪೆಗೆ ಹಾಕು, ಕಲರ್ ಓಡಿ ಬಂದು ಕೂತ್ಕೊಳ್ಳುತ್ತೆ" ಅಂದ್ರು ಮಾವ. ಇದ್ದಿಲು ಮಾಡದ ಸಿಪ್ಪೆನ ಮೊದ್ಲು ಸೋಡಾ ನೀರಲ್ಲೇ ಕುದಿಸಿ ಕರೆ ಪೂರ್ತಿ ತೆಗೆದು, ತೊಳೆದು, ಫಿಕ್ಸರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮತ್ತೆ ತೊಳೆದು ಅದೇ ಕೆಂಪು ನೀರಿಗೆ ಹಾಕಿದ್ವಿ. ಕಾಲು ಗಂಟೆಗೆಲ್ಲ ಸಿಪ್ಪೆ ಕುಂಕುಮದ ಬಣ್ಣ, ಮೇಲಿನ ನೀರು ತೆಳು ಗುಲಾಬಿ. ಅತ್ತೆ ಒಳಗಿಂದ ಓಡಿಬಂದು ನೋಡಿದ್ರು. ಆ ಬಕೆಟ್ ಫೋಟೋ ಈಗ್ಲೂ ನನ್ನ ಫೋನಲ್ಲಿದೆ.

ಆದ್ರೆ ಇದ್ರಲ್ಲೂ ಹುಷಾರಾಗಿರ್ಬೇಕು, ಯಾರಾದ್ರೂ ಮಾಡೋದಾದ್ರೆ ಗಮನ ಇಟ್ಟು ಓದಿ. ಸಿಪ್ಪೆಗೆ ಅಂಟದೇ ಉಳಿದ ಫಿಕ್ಸರ್ ನೀರಿಗೆ ಹೋದ್ರೆ ಮೀನಿಗೆ ಅದೇ ವಿಷ, ಈ ಪಾಸಿಟಿವ್ ಪಾಲಿಮರ್‌ಗಳು ಕಿವಿರಿಗೆ ಅಂಟ್ಕೊಳ್ಳುತ್ತೆ. ಹಾಗಾಗಿ ನೆನೆಸಿದ ನೀರನ್ನ ಚೆಲ್ಲದೆ ಮುಂದಿನ ಸಲಕ್ಕೆ ಇಟ್ಕೋಬೇಕು, ಫಾರ್ಮಾಲ್ಡಿಹೈಡ್ ಇಲ್ಲದ ಫಿಕ್ಸರೇ ತಗೋಬೇಕು. ಪುಡಿನ ಡ್ರಮ್ಮಲ್ಲಿ ತುಂಬಿ ಮೇಲಿಂದ ನೀರು ಬಿಡ್ತೀನಿ ಅಂದ್ರೆ ಪುಡಿ ಊದ್ಕೊಂಡು ಕಟ್ಕೊಂಡುಬಿಡುತ್ತೆ, ನಾವು ಹೆಸರುಬೇಳೆ ಗಾತ್ರದ ಚೂರು ಬಳಸ್ತೀವಿ. ಮತ್ತೆ ಉಪ್ಪು ಇದ್ಯಲ್ಲ, ಅದನ್ನ ಯಾವ ಸಿಪ್ಪೆನೂ ಹಿಡಿಯಲ್ಲ. ಬಣ್ಣ ಹೋದ ನೀರು ಶುದ್ಧ ನೀರಲ್ಲ, ಟಿಡಿಎಸ್, ಅಂದ್ರೆ ಕರಗಿರೋ ಲವಣ, ಹಾಗೇ ಇರುತ್ತೆ, ಹೊಲಕ್ಕೆ ಬಿಟ್ರೆ ಮಣ್ಣು ಕೆಡುತ್ತೆ. ಒರತ್ತುಪಾಳಯಂ ಕೆಳಗಿನ ಹೊಲಗಳನ್ನ ಕೊಂದಿದ್ದು ಮುಖ್ಯವಾಗಿ ಆ ಉಪ್ಪೇ.

ಅದಕ್ಕೇ ನಿಜವಾಗ್ಲೂ ಉಪಯೋಗಕ್ಕೆ ಬಂದಿದ್ದು ಸಿಪ್ಪೆಗಿಂತ ಮುಂಚಿನ ಕೆಲಸ. ಮೊದ್ಲು ಎಲ್ಲ ನೀರೂ ಒಂದೇ ಚರಂಡಿಗೆ ಹೋಗ್ತಿತ್ತು, ಈಗ ಹಂಡೆಯಿಂದ ಮೊದಲ ಸಲ ಬಿಡೋ ಗಟ್ಟಿ ನೀರು ಒಂದು ತೊಟ್ಟಿಗೆ, ಆಮೇಲಿನ ಜಾಲಾಡಿಸೋ ನೀರು ಇನ್ನೊಂದು ತೊಟ್ಟಿಗೆ. ಬಣ್ಣ, ಉಪ್ಪು ಬಹುಪಾಲು ಮೊದಲನೇದ್ರಲ್ಲೇ ಇರುತ್ತೆ, ಅದರ ಪ್ರಮಾಣ ಕಡಿಮೆ. ಆ ಉಪ್ಪುನೀರಿಂದ ಸಿಪ್ಪೆ ಬಣ್ಣ ತೆಗೆದ್ಮೇಲೆ ಅದೇ ನೀರಿಗೆ ಮುಂದಿನ ಹಂಡೆ ಇಡ್ತಾರೆ, ಉಪ್ಪು ಮತ್ತೆ ಕೆಲಸಕ್ಕೆ ಬರುತ್ತೆ, ಅದ್ರಲ್ಲಿ ಉಳಿದ ಸೋಡಾನ ಮಾತ್ರ ಮೊದ್ಲು ಅಸಿಟಿಕ್ ಹಾಕಿ ಸರಿ ಮಾಡ್ಕೋಬೇಕು. ತಿಳಿ ಬಣ್ಣಕ್ಕೆ ಆಗಲ್ಲ, ಮರೂನು, ನೇವಿ, ಕಪ್ಪಿಗೆ ನಡಿಯುತ್ತೆ. ಉಪ್ಪಿನ ಚೀಲ ತರೋದು ಕಮ್ಮಿ ಆಗಿದೆ ಅಂತ ಮಾವ ಪ್ರತೀ ಸಲ ಫೋನಲ್ಲಿ ಹೇಳ್ತಾರೆ, ಬಣ್ಣ ಹೋಗಿದ್ದಕ್ಕಿಂತ ಅದೇ ಅವರಿಗೆ ದೊಡ್ಡ ಖುಷಿ.

ಉಳಿದಿರೋದು ಬಣ್ಣ ಕುಡಿದ ಸಿಪ್ಪೆ. ನೀರಲ್ಲಿದ್ದ ಡೈ ಮಾಯ ಆಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೇ. ಒಣಗಿಸಿ ಒಲೆಗೆ ಹಾಕಿದ್ರೆ ಹೇಗೆ ಅಂತ ಕೆಲಸದ ಹುಡುಗ ಕೇಳ್ದ, ನಾನು ಬೇಡವೇ ಬೇಡ ಅಂದೆ. ರೇಷ್ಮೆಗೆ ಹಾಕೋ ಕಪ್ಪು, ನೇವಿ ಕೆಲವು ಮೆಟಲ್ ಕಾಂಪ್ಲೆಕ್ಸ್ ಡೈಗಳು, ಅದ್ರಲ್ಲಿ ಕ್ರೋಮಿಯಂ ಇರುತ್ತೆ, ಒಲೇಲಿ ಸುಟ್ರೆ ಬೂದಿಗೆ ಬರುತ್ತೆ, ಆ ಬೂದಿ ಯಾರಾದ್ರೂ ಪಾತ್ರೆ ತೊಳೆಯೋಕೆ ತಗೊಂಡ್ರೆ? ತಿಪ್ಪೆಗೆ ಹಾಕಿದ್ರೆ ಮಳೆಗೆ ಬಿಡುತ್ತೆ. ಸಿಮೆಂಟ್ ಜೊತೆ ಕಲಸಿ ಇಟ್ಟಿಗೆ ಮಾಡಬಹುದು ಅಂತ ಓದಿದೀನಿ, ನಾಕು ಇಟ್ಟಿಗೆ ಮಾಡಿ ನೀರಲ್ಲಿ ಮುಳುಗಿಸಿಟ್ಟಿದೀನಿ, ವಾರಕ್ಕೊಂದು ಸಲ ಆ ನೀರು ಬಣ್ಣ ಬಿಟ್ಟಿದ್ಯಾ ಅಂತ ಅತ್ತೆ ಬಿಳಿ ಲೋಟದಲ್ಲಿ ಹಿಡಿದು ಫೋಟೋ ಕಳಿಸ್ತಾರೆ. ಕೆಂಪು ಇಟ್ಟಿಗೆ ನೀರು ತಿಳಿಯಾಗಿದೆ, ನೀಲಿದು ಮೂರನೇ ವಾರಕ್ಕೆ ಸ್ವಲ್ಪ ಬಿಟ್ಟಿದೆ. ಇದಕ್ಕೊಂದು ದಾರಿ ಸಿಗೋವರೆಗೂ ಹನ್ನೊಂದು ಚೀಲ ಸಿಪ್ಪೆ ಯೂನಿಟ್ ಹಿಂದಿನ ಶೀಟಿನ ಕೆಳಗೆ ಟಾರ್ಪಾಲ್ ಹೊದ್ದು ಕೂತಿದೆ, ಚೀಲದ ಮೇಲೆ ಯಾವ ಬಣ್ಣ, ಯಾವ ತಾರೀಕು ಅಂತ ಮಾವ ಅವರ ದುಂಡನೇ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ.